ಮಾರ್ತಳ ಮಕ್ಕಳು

ಬೆಂಗಳೂರಿನಲ್ಲಿ ನರ್ಸ್ ಅಂದರೆ ಕೇರಳದವಳು ಅಂತಲೇ ಜನರ ಲೆಕ್ಕ. ನಾನು ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ ನೆಲೆಸಿ ಎಷ್ಟೋ ವರ್ಷವಾಯಿತು. ಆದರೂ ಓಣಂ ಹತ್ತಿರ ಬಂತೆಂದರೆ ತರಕಾರಿ ಅಂಗಡಿಯವರು "ಸಿಸ್ಟರ್, ಊರಿಗೆ ಹೋಗಲ್ವಾ?" ಎಂದು ಕೇಳುವುದನ್ನು ಬಿಟ್ಟಿಲ್ಲ. ನನ್ನ ಊರು ಮೈಸೂರು. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆಯ ಹಿಂಬದಿ ಬೀದಿ. ನಮ್ಮ ಮನೆಯಲ್ಲಿ ಪ್ರಾರ್ಥನೆ, ಜಗಳ, ಬೈಗುಳ ಎಲ್ಲ ಕನ್ನಡದಲ್ಲೇ. ಅಮ್ಮ ನರ್ಸ್, ನಾನು ನರ್ಸ್. ಅಜ್ಜಿ ಅದೇ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಈ ಕಸುಬಿಗೆ ನಮ್ಮ ಸೀಮೆಯಲ್ಲೂ ಒಂದು ವಂಶಾವಳಿ ಇದೆ, ಅದನ್ನು ಬರೆದಿಡಬೇಕು ಎನ್ನಿಸಿದ್ದು ನಮ್ಮ ಮಹಡಿ ರೂಮಿಗೆ ಬೀದರ್ ಜಿಲ್ಲೆಯ ಹುಮ್ನಾಬಾದ್ ಕಡೆಯ ಒಬ್ಬ ನರ್ಸಿಂಗ್ ಹುಡುಗಿ ಬಾಡಿಗೆಗೆ ಬಂದ ಮೇಲೆ.

ವಂಶಾವಳಿಯ ಬುಡದಲ್ಲಿರುವುದು ಮೈಲಿಗೆ. ಹೆರಿಗೆ, ರಕ್ತ, ಕೀವು, ಹೆಣ ಇವನ್ನು ಯಾರು ಮುಟ್ಟಬೇಕು ಎಂದು ಊರು ಯಾವತ್ತೋ ತೀರ್ಮಾನ ಮಾಡಿಟ್ಟಿತ್ತು. ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಮೈಸೂರಿನಲ್ಲಿ ಹೆಂಗಸರು ಮಕ್ಕಳಿಗೆಂದು ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದಾಗ ರೋಗಿಗಳು ಬಂದರು, ಆದರೆ ರೋಗಿಗಳ ಕೈ ಹಿಡಿಯುವ ಹುಡುಗಿಯರು ಮಾನಸ್ಥರ ಮನೆಗಳಿಂದ ಬರಲಿಲ್ಲ. ಕೋಲಾರದ ಮೆಥಡಿಸ್ಟರು, ಚಿಕ್ಕಬಳ್ಳಾಪುರದ ಲಂಡನ್ ಮಿಷನ್ನಿನವರು, ಉಡುಪಿ ಮತ್ತು ಗದಗ-ಬೆಟಗೇರಿಯ ಬಾಸೆಲ್ ಮಿಷನ್ನಿನವರು, ಇವರೆಲ್ಲರ ಪಾಡೂ ಹೆಚ್ಚುಕಡಿಮೆ ಇದೇ. ಕೊನೆಗೆ ಅವರು ತಿರುಗಿ ನೋಡಿದ್ದು ತಮ್ಮದೇ ಬೋರ್ಡಿಂಗ್ ಶಾಲೆಗಳ ಕಡೆಗೆ. ಅಲ್ಲಿದ್ದವರು ಅನಾಥರು, ಗಂಡ ಸತ್ತ ಚಿಕ್ಕ ಹುಡುಗಿಯರು, ಹೊಲಗೇರಿಯಿಂದ ಹೊಸದಾಗಿ ಕ್ರೈಸ್ತ ಸಭೆಗೆ ಸೇರಿದ ಮನೆಗಳ ಹೆಣ್ಣುಮಕ್ಕಳು. ನಮ್ಮಜ್ಜಿ ಪ್ಲೇಗಿನಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಬೋರ್ಡಿಂಗಿಗೆ ಸೇರಿದವಳು. ಅವಳನ್ನು ಯಾರೂ ಸೇವೆಗೆ ಕರೆಯಲಿಲ್ಲ; ಊಟಕ್ಕೆ ಕರೆದರು. ಸೇವೆ ಆಮೇಲೆ ಅಂಟಿಕೊಂಡಿತು.

ಮಿಷನ್ ಆಸ್ಪತ್ರೆಯ ಬಗ್ಗೆ ಬರೆಯುವವರು ಎರಡು ಪಂಗಡ. ಒಬ್ಬರಿಗೆ ಅದು ಪೂರ್ತಿ ಕರುಣೆ, ಇನ್ನೊಬ್ಬರಿಗೆ ಪೂರ್ತಿ ಮತಪ್ರಚಾರ. ಅಲ್ಲೇ ಹುಟ್ಟಿ ಬೆಳೆದ ನನಗೆ ಎರಡೂ ಗೊತ್ತು. ಹೊರರೋಗಿಗಳ ವರಾಂಡದಲ್ಲಿ ಬೈಬಲ್ ಹೆಂಗಸೊಬ್ಬಳು ಕೂತು ಕಥೆ ಓದಿ ಹೇಳುತ್ತಿದ್ದಳಂತೆ. ಚೀಟಿ ಹಿಡಿದು ಔಷಧಿಗೆ ಕಾದವರು ಎದ್ದು ಹೋಗುವ ಹಾಗಿರಲಿಲ್ಲ, ಕೇಳಲೇಬೇಕಿತ್ತು. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಆದರೆ ಕಥೆ ಮುಗಿದ ಮೇಲೆ ಒಳಗೆ ಅದೇ ಬೋರ್ಡಿಂಗ್ ಹುಡುಗಿ ಒಕ್ಕಲಿಗರ ಬಾಣಂತಿಯ ಬಟ್ಟೆ ಬದಲಿಸುತ್ತಿದ್ದಳು, ಲಿಂಗಾಯತರ ಮಗುವಿನ ಹುಣ್ಣು ತೊಳೆಯುತ್ತಿದ್ದಳು. ಅವಳ ಕೈಯ ನೀರು ಬೇಡ ಎಂದವರ ಮನೆಯವರು ಕಾಂಪೌಂಡಿನ ಮೂಲೆಯಲ್ಲಿ ಒಲೆ ಹೂಡಿ ತಾವೇ ಗಂಜಿ ಕಾಯಿಸುತ್ತಿದ್ದರಂತೆ. ಗಂಜಿಗೆ ಬೇಡವಾದ ಕೈ ಗಾಯಕ್ಕೆ ಬೇಕಾಗುತ್ತಿತ್ತು. ಅಜ್ಜಿ ಇದನ್ನು ನಗುತ್ತಲೇ ಹೇಳುತ್ತಿದ್ದಳು. ಅವಳಿಗೆ ಅದರಲ್ಲಿ ಅವಮಾನಕ್ಕಿಂತ ತಮಾಷೆಯೇ ಹೆಚ್ಚು ಕಂಡಿರಬೇಕು.

ಬೆಂಗಳೂರಿನಲ್ಲಿ ಕಥೆ ಕನ್ಯಾಸ್ತ್ರೀಯರಿಂದ ಶುರು. ಗುಡ್ ಶೆಫರ್ಡ್ ಸಭೆಯ ಸಿಸ್ಟರುಗಳು 1854ರಲ್ಲಿ ಇಲ್ಲಿಗೆ ಬಂದರು, 1886ರಲ್ಲಿ ಸೇಂಟ್ ಮಾರ್ತಾಸ್ ಆಸ್ಪತ್ರೆ ತೆರೆದರು. ಆ ಹೆಸರನ್ನು ಆರಿಸಿದವರ ಬಗ್ಗೆ ನನಗೆ ಗೌರವ. ಲೂಕನ ಸುವಾರ್ತೆಯಲ್ಲಿ ಯೇಸು ಮನೆಗೆ ಬಂದಾಗ ಮರಿಯ ಅವನ ಪಾದದ ಬಳಿ ಕೂತು ಮಾತು ಕೇಳುತ್ತಾಳೆ, ಅಕ್ಕ ಮಾರ್ತ ಉಪಚಾರದ ಗಡಿಬಿಡಿಯಲ್ಲಿ ಗೊಣಗುತ್ತಾಳೆ. ಬುದ್ಧಿವಾದ ಕೇಳಿಸಿಕೊಂಡದ್ದು ಮಾರ್ತ. ಆದರೂ ಆಸ್ಪತ್ರೆಗೆ ಬಂದದ್ದು ಅವಳ ಹೆಸರೇ. ರಾತ್ರಿ ಪಾಳಿಯಲ್ಲಿ ಮೂವತ್ತು ಹಾಸಿಗೆಗೆ ಒಬ್ಬಳೇ ಓಡಾಡಿದ ಯಾವ ನರ್ಸೂ ಮರಿಯಳ ಪಕ್ಷ ಹಿಡಿಯಲಾರಳು.

ಕನ್ಯಾಸ್ತ್ರೀಯರಿಗೂ ಒಂದು ಕಟ್ಟು ಇತ್ತು. ಹೆರಿಗೆ ಮಾಡಿಸುವುದಕ್ಕೆ, ಶಸ್ತ್ರಚಿಕಿತ್ಸೆಗೆ ಕೈ ಹಾಕುವುದಕ್ಕೆ ಕ್ಯಾಥೊಲಿಕ್ ಧರ್ಮಸಭೆ ಅವರನ್ನು ಬಿಡುತ್ತಿರಲಿಲ್ಲ. ಆ ನಿಯಮ ಸಡಿಲವಾದದ್ದು 1936ರಲ್ಲಿ. ಮಡಿ ಮೈಲಿಗೆ ನಮ್ಮ ಅಗ್ರಹಾರಗಳ ಸೊತ್ತು ಮಾತ್ರ ಎಂದುಕೊಂಡವರು ಇದನ್ನು ಗಮನಿಸಬೇಕು. ಅದಕ್ಕೆ ಮೊದಲೇ ಪೋಪರ ವಿಶೇಷ ಅನುಮತಿ ಪಡೆದು ವೈದ್ಯವೃತ್ತಿ ನಡೆಸಿದ ಕನ್ಯಾಸ್ತ್ರೀಯೊಬ್ಬರಿದ್ದರು. ಅವರು ಆಸ್ಟ್ರೇಲಿಯಾದ ಮೇರಿ ಗ್ಲೋರಿ. 1920ರಲ್ಲಿ ಗುಂಟೂರಿಗೆ ಬಂದ ಈ ಡಾಕ್ಟರಮ್ಮ 1943ರಲ್ಲಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘ ಕಟ್ಟಿದರು. ಭಾರತದಲ್ಲಿ ಒಂದು ಕ್ಯಾಥೊಲಿಕ್ ಮೆಡಿಕಲ್ ಕಾಲೇಜು ಆಗಬೇಕು ಎನ್ನುವುದು ಅವರ ಹಂಬಲ. 1957ರ ಮೇ ತಿಂಗಳಲ್ಲಿ ಕ್ಯಾನ್ಸರಿನಿಂದ ಅವರು ತೀರಿಕೊಂಡದ್ದು ಇದೇ ಬೆಂಗಳೂರಿನಲ್ಲಿ. 1963ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ಶುರುವಾಯಿತು, 1975ರಲ್ಲಿ ಮಡಿವಾಳದ ಆಚೆ ಸರ್ಜಾಪುರ ರಸ್ತೆಯಲ್ಲಿ ಅದರ ಆಸ್ಪತ್ರೆ ಬಾಗಿಲು ತೆರೆಯಿತು. ಬಿಟಿಎಂ ಲೇಔಟಿನ ಕಡೆಯಿಂದ ಅಲ್ಲಿಗೆ ಆಟೋದಲ್ಲಿ ಹೋಗುವವರಲ್ಲಿ ಗ್ಲೋರಿಯ ಹೆಸರು ಕೇಳಿದವರು ಅಪರೂಪ.

ಇನ್ನು ಮೈಸೂರಿನಲ್ಲಿ ಕಳೆದ ನನ್ನ ಕಾಲ. 1970ರ ದಶಕದ ನರ್ಸಿಂಗ್ ವಿದ್ಯಾರ್ಥಿನಿಯ ಬಾಳು ಎಂದರೆ ಮುಕ್ಕಾಲು ಪಾಲು ತೊಳೆಯುವುದು, ಕುದಿಸುವುದು, ಮಡಿಸುವುದು. ಸಿರಿಂಜು ಗಾಜಿನದು. ಸೂಜಿ ಮೊಂಡಾದರೆ ಕಲ್ಲಿನ ಮೇಲೆ ಉಜ್ಜಿ ಚೂಪು ಮಾಡಿ, ತುದಿಯನ್ನು ಹತ್ತಿಯ ಮೇಲೆ ಎಳೆದು ಪರೀಕ್ಷೆ ಮಾಡಬೇಕು. ಎಳೆ ಸಿಕ್ಕಿಕೊಂಡರೆ ಮತ್ತೆ ಕಲ್ಲು. ರಬ್ಬರ್ ಗ್ಲೌಸು ತೂತಾದರೆ ಸೈಕಲ್ ಟ್ಯೂಬಿಗೆ ಹಾಕಿದ ಹಾಗೆ ತೇಪೆ ಹಾಕಿ, ಒಣಗಿಸಿ, ಪೌಡರು ಸವರಿ, ಜೋಡಿ ಮಾಡಿ ಡ್ರಮ್ಮಿಗೆ ತುಂಬಿಸಿ ಆಟೋಕ್ಲೇವಿಗೆ ಕಳಿಸುವುದು. ಮಧ್ಯಾಹ್ನ ಕೂತು ಗಾಜ್ ಬಟ್ಟೆ ಕತ್ತರಿಸಿ ಮಡಿಸುವಾಗ ನೂಲು ಹೊರಗೆ ಕಾಣಬಾರದು. ಹಾಸಿಗೆಯ ಚಾದರದ ಮೂಲೆಗಳನ್ನು ಲಕೋಟೆ ಮಡಿಸಿದ ಹಾಗೆ ಒಳಗೆ ಸೇರಿಸದಿದ್ದರೆ ಮೇಟ್ರನ್ ಒಂದೂ ಮಾತಾಡದೆ ಇಡೀ ಚಾದರ ಕಿತ್ತು ನೆಲಕ್ಕೆ ಹಾಕುತ್ತಿದ್ದರು. ಮೊದಲ ಆರು ತಿಂಗಳು ತಲೆಗೆ ಟೋಪಿ ಇಲ್ಲ. ಅದನ್ನು ದಾಟಿದವರಿಗೆ ಚಾಪೆಲಿನಲ್ಲಿ ದೀಪ ಹಚ್ಚಿ, ಪ್ರತಿಜ್ಞೆ ಹೇಳಿಸಿ ಟೋಪಿ ಕೊಡುತ್ತಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಆ ಟೋಪಿಯನ್ನು ಹಿಡಿದು ನಿಲ್ಲಿಸುವ ಹೇರ್‌ಪಿನ್ನಿಗಾಗಿ ಹಾಸ್ಟೆಲಿನಲ್ಲಿ ಆದಷ್ಟು ಜಗಳ ಊಟಕ್ಕೂ ಆಗಲಿಲ್ಲ. ಈಗ ಟೋಪಿ ಬಹುತೇಕ ಕಡೆ ಹೋಯಿತು, ಒಳ್ಳೆಯದೇ ಆಯಿತು. ಡ್ರಿಪ್ ಸ್ಟ್ಯಾಂಡಿಗೆ ತಗುಲಿ ಬೀಳುತ್ತಿದ್ದದ್ದೇ ಹೆಚ್ಚು.

ಭಕ್ತಿಯ ವಿಷಯ ಕೇಳುತ್ತೀರಿ. ಏಳು ಗಂಟೆಯ ಡ್ಯೂಟಿಗೆ ಮೊದಲು ವಾರ್ಡಿನ ಬಾಗಿಲಲ್ಲಿ ನಿಂತು ಸಣ್ಣ ಪ್ರಾರ್ಥನೆ, ಒಂದು ಹಾಡು. ಹಿಂದಿನ ಪಾಳಿಯವಳು ಕಾಲು ನೋವಿನಲ್ಲಿ "ಬೇಗ ಆಮೆನ್ ಅನ್ನೇ" ಎಂದು ಕಣ್ಣಲ್ಲೇ ಬೇಡುತ್ತಿದ್ದಳು. ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ದೀಪಗಳನ್ನು ಆರಿಸಿ, ಕೈಯಲ್ಲಿ ಮೇಣದ ಬತ್ತಿ ಹಿಡಿದು ವಾರ್ಡಿನಿಂದ ವಾರ್ಡಿಗೆ ಹಾಡುತ್ತಾ ಹೋಗುವುದಿತ್ತು. ರೋಗಿಗಳಲ್ಲಿ ಮುಸ್ಲಿಮರು, ಹಿಂದೂಗಳೇ ಹೆಚ್ಚು. ಅವರು ಎದ್ದು ಕೂತು ಕೈಮುಗಿಯುತ್ತಿದ್ದರು. ನನ್ನ ಮಟ್ಟಿಗೆ ಭಕ್ತಿ ಕೈಗೆ ಹತ್ತಿದ್ದು ಮೈ ಒರೆಸುವಾಗ. ಅಲುಗಾಡಲಾರದ ಮನುಷ್ಯನ ಬೆನ್ನನ್ನು ಬಿಸಿನೀರಿನಲ್ಲಿ ಒರೆಸಿ, ಸ್ಪಿರಿಟ್ ಹಚ್ಚಿ, ಪೌಡರು ಹಾಕಿ, ಪಕ್ಕ ತಿರುಗಿಸಿ ಮಲಗಿಸುವುದಕ್ಕೆ ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷ ಮನಸ್ಸು ಬೇರೆಲ್ಲೂ ಹೋಗುತ್ತಿರಲಿಲ್ಲ. ಚರ್ಚಿನಲ್ಲಿ ಹೋಗುತ್ತಿತ್ತು.

ಮೈಸೂರಿನಿಂದ ನಾನು ಇಲ್ಲಿಗೆ ಬಂದದ್ದು ನಿಮ್ಹಾನ್ಸಿಗೆ, ಮಾನಸಿಕ ಶುಶ್ರೂಷೆಯ ಡಿಪ್ಲೊಮಾ ಓದಲು. ಹೊಸೂರು ರಸ್ತೆಯ ಆ ಜಾಗದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂದಿತ್ತು. 1974ರಲ್ಲಿ ಅದೂ ಹಳೆಯ ಮೆಂಟಲ್ ಆಸ್ಪತ್ರೆಯೂ ಸೇರಿ ನಿಮ್ಹಾನ್ಸ್ ಆಯಿತು. ದೇಶದ ಮೂಲೆಮೂಲೆಯಿಂದ ಬಂದ ನರ್ಸುಗಳು ಅಲ್ಲಿ ಕಲಿತರು. ಮಿಷನ್ ಆಸ್ಪತ್ರೆಯಿಂದ ಬಂದ ನಮ್ಮಂಥವರಿಗೆ ಅಲ್ಲಿ ಮೊದಲು ಕಾಡುತ್ತಿದ್ದದ್ದು ಪ್ರಾರ್ಥನೆ ಇಲ್ಲದೆ ಪಾಳಿ ಶುರುವಾಗುವುದು. ಸರ್ಕಾರಿ ಸಂಸ್ಥೆ, ಇರಬೇಕಾದದ್ದೇ ಹಾಗೆ. ಎಲ್ಲರೂ ಮನಸ್ಸಿನಲ್ಲೇ ಹೇಳಿಕೊಳ್ಳುವುದನ್ನು ರೂಢಿ ಮಾಡಿಕೊಂಡೆವು. 1948ರಲ್ಲಿ ರಾಜಾಜಿ ಅಡಿಗಲ್ಲು ಹಾಕಿದ ಜಯನಗರ ಆ ಹೊತ್ತಿಗೆ ಮರ ಬೆಳೆದ ಬಡಾವಣೆಯಾಗಿತ್ತು. ಭೈರಸಂದ್ರ, ತಾವರೆಕೆರೆ, ಮಡಿವಾಳ ಇನ್ನೂ ಮೂರು ಬೇರೆಬೇರೆ ಹಳ್ಳಿಗಳು. ಮೂರರ ಮೊದಲಕ್ಷರ ಸೇರಿ ಬಿಟಿಎಂ ಆದದ್ದು ಆಮೇಲೆ.

ಈಗ ಈ ಸುತ್ತಳತೆಯಲ್ಲಿ ನಿಮ್ಹಾನ್ಸ್, ಕಿದ್ವಾಯಿ, ಸಂಜಯ ಗಾಂಧಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಜಯದೇವ ಎಲ್ಲ ಒಂದು ಆಟೋ ದೂರದಲ್ಲಿವೆ. 1996ರ ಜೂನ್‌ನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿ ನಮ್ಮ ನಾಲ್ಕನೇ ಟಿ ಬ್ಲಾಕಿಗೇ ಬಂತು. ನರ್ಸಿಂಗ್ ಕಾಲೇಜುಗಳು ಮಳೆಗಾಲದ ಅಣಬೆಯಂತೆ ಎದ್ದದ್ದು ಅದರ ಹಿಂದುಮುಂದಿನ ವರ್ಷಗಳಲ್ಲಿ. ಕೊಟ್ಟಾಯಂನಿಂದ, ಇಂಫಾಲದಿಂದ, ಕೊಲ್ಕತ್ತಾದಿಂದ ಹುಡುಗಿಯರು ಬಂದರು. ಎಲ್ಲಾ ಕಾಲೇಜೂ ಒಂದೇ ತೂಕದವಲ್ಲ. ಏಜೆಂಟರ ಮಾತು ನಂಬಿ ಸೇರಿ, ಸ್ವಂತ ಆಸ್ಪತ್ರೆಯೇ ಇಲ್ಲದ ಕಡೆ ಫೀಸು ಕಟ್ಟಿ, ಕೊನೆಗೆ ಮೂಲ ಸರ್ಟಿಫಿಕೇಟು ಬಿಡಿಸಿಕೊಳ್ಳಲು ಅತ್ತವರು ನನ್ನ ವರಾಂಡದಲ್ಲೇ ಕೂತಿದ್ದಾರೆ.

ಮಹಡಿಯ ಹುಡುಗಿಯದು ಹಾಗಾಗಲಿಲ್ಲ, ಅವಳ ಕಾಲೇಜು ಪರವಾಗಿಲ್ಲ. ಮೆಥಡಿಸ್ಟ್ ಮನೆತನ. ಬೀದರ್ ಸೀಮೆಯಲ್ಲಿ ಮೆಥಡಿಸ್ಟ್ ಸಭೆಗಳು ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಇವೆ, ಸೇರಿದವರಲ್ಲಿ ಬಹುಪಾಲು ದಲಿತರು. ಕ್ರೈಸ್ತರಾದ ಮೇಲೆ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಜಾಗ ಇಲ್ಲ. 1950ರ ರಾಷ್ಟ್ರಪತಿ ಆದೇಶ ಅದನ್ನು ಮುಚ್ಚಿದೆ. ಕರ್ನಾಟಕದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ-1. ಊರಲ್ಲಿ ಕೇರಿ ಬದಲಾಗಲಿಲ್ಲ, ಕಾಗದದಲ್ಲಿ ಮಾತ್ರ ಬದಲಾಯಿತು. ಇದನ್ನು ಅವಳು ದೂರಾಗಿ ಹೇಳುವುದಿಲ್ಲ, ಅರ್ಜಿ ತುಂಬುವಾಗ ಯಾವ ಕಾಲಮ್ಮಿಗೆ ಏನು ಬರೆಯಬೇಕು ಎಂಬ ಮಾಹಿತಿಯಾಗಿ ಹೇಳುತ್ತಾಳೆ.

ಬೆಳಿಗ್ಗೆ ಐದಕ್ಕೆ ಎದ್ದು, ಮೊಬೈಲಿನಲ್ಲಿ ಸಣ್ಣ ದನಿಯಲ್ಲಿ ಕ್ರಿಸ್ತ ಕೀರ್ತನೆ ಹಾಕಿಕೊಂಡು ಯೂನಿಫಾರಂ ಇಸ್ತ್ರಿ ಮಾಡುತ್ತಾಳೆ. ಹಿಂದಿನ ರಾತ್ರಿಯ ಜೋಳದ ರೊಟ್ಟಿ, ಶೇಂಗಾ ಹಿಂಡಿ ಡಬ್ಬಿಗೆ. ಪಾಳಿ ಬಿಡುವಿದ್ದ ಭಾನುವಾರ ನನ್ನ ಜೊತೆ ಹಡ್ಸನ್ ಚರ್ಚಿನ ಕನ್ನಡ ಆರಾಧನೆಗೆ ಬರುತ್ತಾಳೆ. 1904ರ ಆ ಕಲ್ಲಿನ ಗುಡಿ ಅವಳಿಗೆ ಮೊದಲ ಸಲ ತೀರಾ ಸದ್ದಿಲ್ಲದ್ದು ಅನ್ನಿಸಿತಂತೆ. ಅವರ ಊರಿನಲ್ಲಿ ತಬಲಾ, ಹಾರ್ಮೋನಿಯಂ, ತಾಳ ಇಲ್ಲದೆ ಆರಾಧನೆಯೇ ಇಲ್ಲ.

ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಪೋಸ್ಟಿಂಗಿನಲ್ಲಿ ಯಾದಗಿರಿ ಕಡೆಯ ಒಬ್ಬ ಮುದುಕ ಇದ್ದನಂತೆ, ಬಾಯಿಯ ಕ್ಯಾನ್ಸರ್. ನೋವನ್ನು ಅವನು ಹೇಳುವ ರೀತಿ ಜೊತೆಯ ಹುಡುಗಿಯರಿಗೆ ತಿಳಿಯುತ್ತಿರಲಿಲ್ಲ. ಇವಳು ಹೋಗಿ ಅವನ ಕನ್ನಡದಲ್ಲೇ ಮಾತಾಡಿಸಿದಳು. ಸಂಜೆ ಬಂದು, "ಆಂಟಿ, ನಮ್ ಭಾಷಿ ಕೇಳಿ ಅಳ್ಲತ್ತಿದ್ನ್ರಿ. ಅವನ ಸಲುವಾಗಿ ಅಲ್ಲೇ ನಿಂತು ಪ್ರಾರ್ಥನಿ ಮಾಡ್ಬಹುದೇನ್ರಿ?" ಎಂದು ಕೇಳಿದಳು. ಅವನು ಕೇಳಿದರೆ ಮಾಡು, ಕೇಳದಿದ್ದರೆ ಮನಸ್ಸಿನಲ್ಲೇ ಮಾಡು, ಅದಕ್ಕಿಂತ ಮೊದಲು ಅವನ ಬಾಯಿ ತೊಳೆದು ಒಣಗಿದ ತುಟಿಗೆ ಗ್ಲಿಸರಿನ್ ಹಚ್ಚು ಎಂದೆ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂದ ಮೇಲೆ ಕ್ರೈಸ್ತ ನರ್ಸುಗಳು ಇಂಥ ವಿಷಯದಲ್ಲಿ ಅಂಜುತ್ತಾರೆ. ನನ್ನ ಉತ್ತರ ಆ ಕಾಯ್ದೆಗೆ ಮೊದಲೂ ಇದೇ ಆಗಿತ್ತು. ವರಾಂಡದ ಬೈಬಲ್ ಹೆಂಗಸನ್ನು ನಾನು ಮರೆತಿಲ್ಲ.

ಸಂಬಳದ ಮಾತು ಎತ್ತದೆ ಈ ಚರಿತ್ರೆ ಮುಗಿಯುವುದಿಲ್ಲ. ಸೇವೆ, ತ್ಯಾಗ, ಬಿಳಿ ದೇವತೆ ಎಂದು ಹೊಗಳುತ್ತಲೇ ಈ ಹೆಂಗಸರಿಗೆ ಕಡಿಮೆ ಕೊಟ್ಟುಕೊಂಡು ಬಂದಿದ್ದಾರೆ. ಆ ಚಾಳಿಗೆ ನಮ್ಮ ಧಾರ್ಮಿಕ ಆಸ್ಪತ್ರೆಗಳೂ ಹೊರತಲ್ಲ. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2016ರಲ್ಲಿ ಕೇಂದ್ರದ ಸಮಿತಿ ಖಾಸಗಿ ಆಸ್ಪತ್ರೆಗಳ ನರ್ಸುಗಳ ಸಂಬಳಕ್ಕೆ ಒಂದು ಅಳತೆ ಹಾಕಿತು: ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದು, 200 ಹಾಸಿಗೆ ಮೀರಿದರೆ ಸರ್ಕಾರಿ ಸಂಬಳಕ್ಕೆ ಸಮ. ಅದು ಶಿಫಾರಸು. ಇಲ್ಲಿಂದ ಬನ್ನೇರುಘಟ್ಟ ರಸ್ತೆಯವರೆಗಿನ ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಹೊಸ ಹುಡುಗಿಯರಿಗೆ ಎಷ್ಟು ಸಿಗುತ್ತದೆ ಎಂದು ನೀವೇ ಕೇಳಿ ನೋಡಿ.

ಇವಳ ಜೊತೆಯವರು ಜರ್ಮನ್ ಕಲಿಯುತ್ತಿದ್ದಾರೆ, ಕೆಲವರು ಗಲ್ಫ್ ಎನ್ನುತ್ತಾರೆ. ಇವಳ ಲೆಕ್ಕ ಬೇರೆ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ, ಆ ಭಾಗದ ಸರ್ಕಾರಿ ನರ್ಸ್ ಹುದ್ದೆಗಳಲ್ಲಿ ಬಹುಪಾಲು ಸ್ಥಳೀಯರಿಗೇ. ನರ್ಸಿಂಗ್ ಕೌನ್ಸಿಲಿನ ನೋಂದಣಿ ಕೈಗೆ ಬಂದ ಕೂಡಲೇ ಅರ್ಜಿ ಹಾಕುತ್ತಾಳಂತೆ. ಬೀದರ್ ಜಿಲ್ಲಾ ಆಸ್ಪತ್ರೆ ಸಿಕ್ಕರೆ ಸರಿ, ಇಲ್ಲದಿದ್ದರೆ ತಾಲ್ಲೂಕಿನ ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರ. "ಅಲ್ಲಿ ಹೆರಿಗಿ ಭಾಳ ಇರ್ತಾವ್ರಿ, ಕೈ ಚಲೋ ಕೂಡ್ತದ" ಎಂದಳು. ಸ್ಥಳೀಯ ವೃಂದದ ಅರ್ಹತಾ ಪತ್ರಕ್ಕೆ ಅಪ್ಪನನ್ನು ಕಂದಾಯ ಇಲಾಖೆಯ ಕಚೇರಿಗೆ ಈಗಲೇ ಓಡಾಡಿಸುತ್ತಿದ್ದಾಳೆ.