ಲಿಟಲ್‌ಫೀಲ್ಡ್ ಅವರ ಟ್ಯಾಂಕ್ ಶೆಡ್ಡುಗಳು

ಚೈನಿನ ಮೇಲೆ ಓಡುವ ಯಂತ್ರ ಯಾವುದೇ ಇರಲಿ, ನನ್ನ ಕಣ್ಣು ಮೊದಲು ಹೋಗುವುದು ಅದರ ಕಾಲಿಗೆ. ಕೆಜಿಎಫ್‌ನ ಬೆಮೆಲ್ ಕಾರ್ಖಾನೆಯಲ್ಲಿ ಡೋಜರ್ ಫಿಟ್ಟರ್ ಆಗಿದ್ದವನು ನಾನು. ಪಿನ್ನು, ಬುಷ್ಷು ಸವೆದರೆ ಚೈನು ಉದ್ದವಾಗುತ್ತದೆ, ಸ್ಪ್ರಾಕೆಟ್ಟಿನ ಹಲ್ಲು ಚೂಪಾಗುತ್ತದೆ. ಅದನ್ನು ನೋಡಿದರೆ ಸಾಕು, ಯಂತ್ರವನ್ನು ಯಾರು ಹೇಗೆ ನೋಡಿಕೊಂಡಿದ್ದಾರೆಂದು ಗೊತ್ತಾಗುತ್ತದೆ. ಟ್ಯಾಂಕುಗಳನ್ನು ಸಂಗ್ರಹಿಸಿ ರಿಪೇರಿ ಮಾಡುತ್ತಿದ್ದ ಜಾಕ್ ಲಿಟಲ್‌ಫೀಲ್ಡ್ ನನಗೆ ದೊಡ್ಡವರಾಗಿ ಕಂಡದ್ದು ಅಲ್ಲಿಂದಲೇ.

ಸನ್ನಿವೇಲ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ ಕ್ಯಾಲಿಫೋರ್ನಿಯಾದ ಪೋರ್ಟೋಲಾ ವ್ಯಾಲಿಯ ಗುಡ್ಡಗಳ ನಡುವೆ ಅವರ ಶೆಡ್ಡುಗಳನ್ನು ನೋಡಿದೆ. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು, 2009ರ ಜನವರಿಯಲ್ಲಿ, 59ನೇ ವಯಸ್ಸಿಗೆ, ಕ್ಯಾನ್ಸರ್‌ನಿಂದ. ಮೊದಲೇ ತಿಳಿಸಿ ಬಂದವರನ್ನು ಸ್ವಯಂಸೇವಕರು ಸುತ್ತಾಡಿಸುತ್ತಿದ್ದರು.

ಅವರ ಮನೆತನದ ಸಿರಿಯೂ ಮಣ್ಣು ಅಗೆದು ಬಂದದ್ದೇ. ಹೂವರ್ ಅಣೆಕಟ್ಟು ಕಟ್ಟಿದ ಆರು ಕಂಪನಿಗಳ ಕೂಟದಲ್ಲಿ ಅವರ ಪೂರ್ವಿಕರ ಯೂಟಾ ಕನ್‌ಸ್ಟ್ರಕ್ಷನ್ ಒಂದು. ಮುಂದೆ ಅದು ಗಣಿಗಾರಿಕೆಯಲ್ಲಿ ಬೆಳೆಯಿತು. ಟ್ಯಾಂಕಿನ ಹುಟ್ಟು ಕೂಡ ಈ ಕಸುಬಿಗೆ ದೂರದ್ದಲ್ಲ. ಅದೇ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿ ಬೆಂಜಮಿನ್ ಹೋಲ್ಟ್ 1904ರಲ್ಲಿ ಜೌಗು ಹೊಲಕ್ಕೆಂದು ಚೈನಿನ ಟ್ರ್ಯಾಕ್ಟರ್ ಓಡಿಸಿ ನೋಡಿದ್ದರು. ಆ ಟ್ರ್ಯಾಕ್ಟರುಗಳು ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಫಿರಂಗಿಗಳನ್ನು ಎಳೆದವು. 1916ರ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನಲ್ಲಿ, ಅಂಥದ್ದೇ ಚೈನಿನ ಮೇಲೆ ಓಡುವ ಮೊದಲ ಟ್ಯಾಂಕುಗಳು ಯುದ್ಧಕ್ಕೆ ಇಳಿದವು. ನನ್ನ ಡೋಜರೂ ಆ ಟ್ಯಾಂಕೂ ದಾಯಾದಿಗಳು.

ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಎಂಜಿನಿಯರ್ ಆಗಿದ್ದ ಲಿಟಲ್‌ಫೀಲ್ಡ್‌ಗೆ ಚಿಕ್ಕಂದಿನಿಂದ ಟ್ಯಾಂಕಿನ ಮಾದರಿಗಳನ್ನು ಮಾಡುವ ಹುಚ್ಚು. 1975ರಲ್ಲಿ ನಿಜವಾದ ಸೇನಾವಾಹನವನ್ನೇ ಕೊಂಡರು, ಎರಡನೇ ಮಹಾಯುದ್ಧದ ಒಂದು ಸ್ಕೌಟ್ ಕಾರು. ಕೊನೆಗೆ ಇನ್ನೂರಕ್ಕೂ ಹೆಚ್ಚು ಆದವು. 1998ರಲ್ಲಿ ಎಲ್ಲವನ್ನೂ ಒಂದು ಪ್ರತಿಷ್ಠಾನದಡಿ ತಂದರು. ದುಡ್ಡಿದ್ದವರು ಕೊಂಡು ಗುಡ್ಡೆ ಹಾಕಬಹುದು, ಅದು ದೊಡ್ಡದಲ್ಲ. ಅವರು ಲೇತು, ವೆಲ್ಡಿಂಗ್, ಕೈಪಳಗಿದ ಮೆಕ್ಯಾನಿಕ್ಕುಗಳಿದ್ದ ವರ್ಕ್‌ಶಾಪನ್ನೇ ಪಕ್ಕದಲ್ಲಿ ಕಟ್ಟಿದರು.

ಅಲ್ಲಿ ನಾನು ಬಹಳ ಹೊತ್ತು ನಿಂತದ್ದು ಎರಡನೇ ಮಹಾಯುದ್ಧದ ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮುಂದೆ. ಪೋಲೆಂಡಿನ ನದಿಯೊಂದರಲ್ಲಿ ಮುಳುಗಿ ದಶಕಗಳ ಕಾಲ ಕೆಸರಿನಲ್ಲಿ ಬಿದ್ದಿದ್ದದ್ದು. ಅವರ ಕೊನೆಯ ದೊಡ್ಡ ಕೆಲಸ. ಒಂದೊಂದು ಪಕ್ಕಕ್ಕೆ ಎಂಟು ಆಕ್ಸಲ್, ಜೋಡಿ ಚಕ್ರಗಳು, ಒಂದರ ಸಂದಿಗೆ ಇನ್ನೊಂದು ಹೊಕ್ಕಿವೆ. ಒಳಗಿನ ಒಂದು ಚಕ್ರ ಬಿಚ್ಚಬೇಕಾದರೆ ಹೊರಗಿನ ಹಲವನ್ನು ಮೊದಲು ಕಳಚಬೇಕು. ರಷ್ಯಾದ ಚಳಿಯಲ್ಲಿ ಆ ಸಂದಿಗಳಲ್ಲಿ ಕೆಸರು ಹೆಪ್ಪುಗಟ್ಟಿ ಟ್ಯಾಂಕೇ ಅಲ್ಲಾಡುತ್ತಿರಲಿಲ್ಲವಂತೆ. ಚೈನನ್ನು ತಿರುಗಿಸುವ ಕೊನೆಯ ಗೇರು ಇನ್ನೂ ಬಡಪಾಯಿ. ಟ್ಯಾಂಕಿನ ತೂಕ ಏರುತ್ತ 45 ಟನ್ನಿಗೆ ಹೋಯಿತು. ಒಳ್ಳೆಯ ಗೇರು ಕತ್ತರಿಸುವ ಯಂತ್ರಗಳು ಸಾಲದೆ ಸಾದಾ ಗೇರನ್ನೇ ಹಾಕಿದರು, ಅದು ಮುರಿಯುತ್ತಿತ್ತು. ಇಂಥದ್ದನ್ನು ನದಿಯಿಂದ ಎತ್ತಿ ತಂದು ಬೋಲ್ಟು ಬೋಲ್ಟಾಗಿ ಬಿಚ್ಚಿ ಕೂರಿಸುವುದೆಂದರೆ, ಅದನ್ನು ಮಾಡಿದವರ ತಪ್ಪನ್ನೂ ಜಾಣತನವನ್ನೂ ಬೆರಳಲ್ಲಿ ಮುಟ್ಟಿ ಕಲಿಯುವುದು. ಯಾವ ಪುಸ್ತಕವೂ ಆ ಚರಿತ್ರೆಯನ್ನು ಅಷ್ಟು ಚೆನ್ನಾಗಿ ಹೇಳಲಾರದು.

ಅವರು ಹೋದ ಮೇಲೆ ಸಂಗ್ರಹ ಕಾಲಿಂಗ್ಸ್ ಫೌಂಡೇಶನ್ ಎಂಬ ಸಂಸ್ಥೆಗೆ ಸೇರಿತು. 2014ರ ಜುಲೈನಲ್ಲಿ ಬಹುಪಾಲು ವಾಹನಗಳು ಹರಾಜಾದವು. ಆ ಹಣ ಹೊಸ ವಸ್ತುಸಂಗ್ರಹಾಲಯಕ್ಕೆಂದು; ಅದು ಮಸಾಚುಸೆಟ್ಸ್‌ನ ಹಡ್ಸನ್‌ನಲ್ಲಿ 2019ರಲ್ಲಿ ತೆರೆಯಿತು. ಪ್ಯಾಂಥರ್ ಈಗ ಅಲ್ಲಿದೆ. ಹೆಚ್ಚು ಜನ ನೋಡುತ್ತಾರೆ, ನಿಜ. ಆದರೂ ಆ ಹರಾಜು ನನಗೆ ಇವತ್ತಿಗೂ ನೋವು. ಒಂದೇ ಛಾವಣಿಯಡಿ ಅಮೆರಿಕ, ಜರ್ಮನಿ, ರಷ್ಯಾದ ಗೇರುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ ನೋಡುವ ಅನುಕೂಲ ಅಲ್ಲಿತ್ತು. ನನ್ನ ಕೈಯಲ್ಲಿದ್ದಿದ್ದರೆ ಆ ಶೆಡ್ಡುಗಳನ್ನು ಹಾಗೇ ಬಿಟ್ಟು, ನಮ್ಮ ಐಟಿಐ ಹುಡುಗರಂಥವರನ್ನು ಅಲ್ಲಿಗೆ ಕೆಲಸ ಕಲಿಯಲು ಕಳಿಸುತ್ತಿದ್ದೆ.