ರಸ್ತೆಯ ಸುದ್ದಿ ಸುದ್ದಿಯಲ್ಲ: ಎಫ್‌.ಎಂ. ಬಾನುಲಿಯ ಒಂದು ಸಣ್ಣ ಇತಿಹಾಸ



ಹೆಬ್ಬಾಳದ ಮೇಲ್ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಂತಿವೆ ಎಂಬುದು ಸುದ್ದಿಯೋ, ಅಲ್ಲವೋ? ಸಾಮಾನ್ಯ ಬುದ್ಧಿಗೆ ಇದೊಂದು ಪ್ರಶ್ನೆಯೇ ಅಲ್ಲ. ಆದರೆ ನಮ್ಮ ಕೇಂದ್ರ ಸರ್ಕಾರ 2011ರಲ್ಲಿ ಇದಕ್ಕೆ ಲಿಖಿತ ಉತ್ತರವನ್ನೇ ಕೊಟ್ಟಿತು: ಖಾಸಗಿ ಬಾನುಲಿಯ ಮಟ್ಟಿಗೆ ಅದು ಸುದ್ದಿಯಲ್ಲ. ಈ ಉತ್ತರದ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಕಥೆಯಿದೆ. ಸಮಾಜ ವಿಜ್ಞಾನ ಕಲಿಸಿದ ಮೇಷ್ಟರಿಗೆ ಇಂಥ ಕಥೆಗಳ ಮೇಲೆ ಮೋಹ ಹೆಚ್ಚು. ಸ್ವಲ್ಪ ತಾಳ್ಮೆಯಿಂದ ಓದಬೇಕು.

ಮೊದಲಿಗೆ ಕಾನೂನು. 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆ ತಂತಿ ಸಂದೇಶದ ಏಕಸ್ವಾಮ್ಯವನ್ನು ಸರ್ಕಾರಕ್ಕೆ ಒಪ್ಪಿಸಿತ್ತು. ಆಗಿನ್ನೂ ಬಾನುಲಿ ಎಂಬುದೇ ಇರಲಿಲ್ಲ. ಅದು ಹುಟ್ಟಿದ ಮೇಲೆ ಅದೂ ಆ ಕಾಯ್ದೆಯ ನೆರಳಿಗೇ ಬಂದಿತು. ಆದರೂ ನಮ್ಮ ನಾಡಿನಲ್ಲಿ ಬಾನುಲಿಯ ಆರಂಭ ಸರ್ಕಾರದ ಕಚೇರಿಯಲ್ಲಿ ಆಗಲಿಲ್ಲ ಎಂಬುದು ನಮಗೆ ಹೆಮ್ಮೆಯ ಸಂಗತಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ಪ್ರಸಾರ ಆರಂಭಿಸಿದರು. ಅವರ ಕೇಂದ್ರದ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. 1942ರಲ್ಲಿ ಮೈಸೂರು ಸಂಸ್ಥಾನ ಆ ಕೇಂದ್ರವನ್ನು ವಹಿಸಿಕೊಂಡಿತು. 1955ರಲ್ಲಿ ಬೆಂಗಳೂರು ಕೇಂದ್ರ ಆರಂಭವಾಯಿತು.

ಆ ಬಳಿಕ ದಶಕಗಳ ಕಾಲ ನಮಗೆ ವಾರ್ತೆಯೆಂದರೆ ಆಕಾಶವಾಣಿಯ ವಾರ್ತೆ. ದೆಹಲಿಯಿಂದ ಬರುತ್ತಿದ್ದ ಬೆಳಗಿನ 7.35ರ ಕನ್ನಡ ವಾರ್ತೆಗೆ ಅನೇಕ ಮನೆಗಳಲ್ಲಿ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರು. ನಮ್ಮ ಶಾಲೆಯಲ್ಲಿ ಆ ವಾರ್ತೆಯನ್ನು ಕೇಳಿ ಮುಖ್ಯಾಂಶಗಳನ್ನು ಕರಿಹಲಗೆಯ ಮೇಲೆ ಬರೆಯುವುದು ಒಬ್ಬೊಬ್ಬರಿಗೆ ಒಂದೊಂದು ವಾರದ ಪಾಳಿಯಾಗಿತ್ತು. ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅಂದಿನ ಹಲಗೆಯ ಮೇಲೆ ಪ್ರಧಾನಮಂತ್ರಿಗಳ ಪ್ರವಾಸವಿರುತ್ತಿತ್ತು, ವಿದೇಶದ ಯುದ್ಧವಿರುತ್ತಿತ್ತು. ನಮ್ಮೂರ ಸೇತುವೆ ಕುಸಿದದ್ದು ಇರುತ್ತಿರಲಿಲ್ಲ. 'ಪ್ರದೇಶ ಸಮಾಚಾರ' ರಾಜ್ಯದ ಮಟ್ಟಕ್ಕೆ ಇಳಿಯುತ್ತಿತ್ತೇ ಹೊರತು ಬೀದಿಯ ಮಟ್ಟಕ್ಕೆ ಇಳಿಯುತ್ತಿರಲಿಲ್ಲ.

ಬಾಗಿಲು ತೆರೆದದ್ದು ಕ್ರಿಕೆಟ್ ಎಂದರೆ ನೀವು ನಗಬಹುದು. 1993ರ ಹೀರೋ ಕಪ್ ಪಂದ್ಯಗಳ ಪ್ರಸಾರದ ಹಕ್ಕು ಯಾರದೆಂಬ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1995ರ ಫೆಬ್ರವರಿಯಲ್ಲಿ ಬಂದ ತೀರ್ಪು, ಬಾನತರಂಗಗಳು ಸಾರ್ವಜನಿಕರ ಸೊತ್ತು, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು ಎಂದು ಸಾರಿತು. 1999ರಲ್ಲಿ ಸರ್ಕಾರ 40 ನಗರಗಳಲ್ಲಿ 108 ಎಫ್‌.ಎಂ. ತರಂಗಗಳನ್ನು ಖಾಸಗಿಯವರಿಗೆ ಹರಾಜಿಗಿಟ್ಟಿತು. ಶುಲ್ಕದ ಹೊರೆ ತಾಳಲಾರದೆ ಹಲವರು ಹಿಂದೆ ಸರಿದರು. ಕೊನೆಗೆ ಆರಂಭವಾದವು 12 ನಗರಗಳಲ್ಲಿ 21 ಕೇಂದ್ರಗಳು ಮಾತ್ರ. ಅವುಗಳಲ್ಲಿ ಮೊದಲನೆಯದು ನಮ್ಮ ಬೆಂಗಳೂರಿನಲ್ಲೇ ದನಿಯೆತ್ತಿತು. 2001ರ ಜುಲೈ 3ರಂದು ಆರಂಭವಾದ ರೇಡಿಯೋ ಸಿಟಿ ದೇಶದ ಪ್ರಥಮ ಖಾಸಗಿ ಎಫ್‌.ಎಂ. ಕೇಂದ್ರ.

ಆದರೆ ಪರವಾನಗಿಯಲ್ಲಿ ಒಂದು ಕಟ್ಟಳೆಯಿತ್ತು: ಸುದ್ದಿ ಮತ್ತು ಪ್ರಚಲಿತ ವಿದ್ಯಮಾನ ಕೂಡದು. ಪತ್ರಿಕೆಗಳಿಗೆ ಈ ನಿರ್ಬಂಧವಿರಲಿಲ್ಲ; ಹಗಲಿರುಳು ಸುದ್ದಿ ಬಿತ್ತರಿಸುವ ಖಾಸಗಿ ದೂರದರ್ಶನ ವಾಹಿನಿಗಳಿಗೂ ಇರಲಿಲ್ಲ; ಬಾನುಲಿಗೆ ಮಾತ್ರ ಇತ್ತು. ಅಷ್ಟೊಂದು ಕೇಂದ್ರಗಳ ಪ್ರಸಾರದ ಮೇಲೆ ನಿಗಾ ಇಡುವುದು ಕಷ್ಟ, ದೇಶದ ಭದ್ರತೆಗೆ ಅಪಾಯವಾದೀತು ಎಂಬುದು ಸರ್ಕಾರದ ವಾದ. ಸುದ್ದಿಯಿಲ್ಲದ ಕೇಂದ್ರ ಚಿತ್ರಗೀತೆಗಳ ನಡುವೆ ಮಾತನಾಡುವುದಾದರೂ ಏನು? ಆ ಕಾಲಕ್ಕೆ ಬೆಂಗಳೂರು ತನ್ನ ಅಂಚುಗಳನ್ನು ಮೀರಿ ಬೆಳೆಯುತ್ತಿತ್ತು. 2007ರಲ್ಲಿ ಯಲಹಂಕ, ಮಹದೇವಪುರ, ಬೊಮ್ಮನಹಳ್ಳಿ ಮುಂತಾದ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ 110 ಹಳ್ಳಿಗಳು ಒಂದಾಗಿ ಬೃಹತ್ ಮಹಾನಗರ ಪಾಲಿಕೆ ರೂಪುಗೊಂಡಿತು. ಹೊರವಲಯದಲ್ಲಿ ಮನೆ, ಇನ್ನೊಂದು ಹೊರವಲಯದಲ್ಲಿ ಕಚೇರಿ, ನಡುವೆ ದಿನಕ್ಕೆ ಎರಡು ಮೂರು ಗಂಟೆ ರಸ್ತೆಯ ಮೇಲೆ. ಇಂಥವರಿಗೆ ಬೇಕಾದದ್ದನ್ನು ಎಫ್‌.ಎಂ. ಕೊಟ್ಟಿತು: ಸಿಲ್ಕ್ ಬೋರ್ಡ್ ಬಳಿ ದಟ್ಟಣೆ, ಮಾರತ್‌ಹಳ್ಳಿಯಲ್ಲಿ ಕೆಟ್ಟು ನಿಂತ ಲಾರಿ, ಕೃಷ್ಣರಾಜಪುರದ ತೂಗುಸೇತುವೆಯ ಬಳಿ ಮಳೆ. ಸಂಚಾರ ಪೊಲೀಸರು ಒಂದಿಷ್ಟು ತಿಳಿಸುತ್ತಿದ್ದರು. ದಾರಿಯಲ್ಲೇ ಸಿಕ್ಕಿಬಿದ್ದ ಕೇಳುಗರು ದೂರವಾಣಿ ಮಾಡಿ ಇನ್ನೊಂದಿಷ್ಟು ತಿಳಿಸುತ್ತಿದ್ದರು. ಅಪರಿಚಿತರು ಅಪರಿಚಿತರಿಗೆ ದಾರಿ ಹೇಳುವ ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತ್ತು.

2011ರ ಮೂರನೆಯ ಹಂತದ ನೀತಿ ಇದನ್ನು ಸ್ಪಷ್ಟ ಮಾತುಗಳಲ್ಲಿ ಮಾನ್ಯ ಮಾಡಿತು. ಸಂಚಾರ, ಹವಾಮಾನ, ಹಬ್ಬ ಮತ್ತು ಸಾಂಸ್ಕೃತಿಕ ಸಮಾರಂಭ, ಪರೀಕ್ಷಾ ಫಲಿತಾಂಶ, ಉದ್ಯೋಗಾವಕಾಶ, ಮತ್ತು ಸ್ಥಳೀಯ ಆಡಳಿತ ಒದಗಿಸುವ ನೀರು, ವಿದ್ಯುತ್ತು, ಪ್ರಕೃತಿ ವಿಕೋಪಗಳ ಪ್ರಕಟಣೆ ಇವೆಲ್ಲ 'ಸುದ್ದಿಯಲ್ಲ', ಆದ್ದರಿಂದ ಹೇಳಬಹುದು. ಸುದ್ದಿಯೇ ಬೇಕಿದ್ದರೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರವೂ ಬದಲಿಸದೆ ಮರುಪ್ರಸಾರ ಮಾಡಬಹುದು.

ಇದರ ಅರ್ಥವೇನೆಂದು ಒಂದು ಉದಾಹರಣೆಯಿಂದ ನೋಡೋಣ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆ ಉಕ್ಕಿ ರಸ್ತೆಗೆ ಹಾರುತ್ತಿತ್ತು. 2018ರ ಜನವರಿಯಲ್ಲಿ ಅದೇ ಕೆರೆಯಂಗಳಕ್ಕೆ ಬೆಂಕಿ ಬಿದ್ದು, ನಂದಿಸಲು ಸೈನಿಕರೂ ಬರಬೇಕಾಯಿತು. ಈ ನಿಯಮದಂತೆ, 'ನೊರೆಯಿಂದ ದಾರಿ ಕಾಣುತ್ತಿಲ್ಲ, ಬೇರೆ ಮಾರ್ಗ ಹಿಡಿಯಿರಿ' ಎನ್ನುವುದು ಸಂಚಾರ ಮಾಹಿತಿ, ಧಾರಾಳವಾಗಿ ಹೇಳಬಹುದು. 'ಈ ಕೆರೆಗೆ ಸಂಸ್ಕರಿಸದ ಕೊಳಚೆ ಹರಿಯಲು ಬಿಟ್ಟವರು ಯಾರು?' ಎಂದು ವಿಚಾರಿಸಿ ವರದಿ ಮಾಡುವುದು ಸುದ್ದಿ, ಹೇಳುವಂತಿಲ್ಲ. ರಸ್ತೆ ಮುಚ್ಚಿದೆ ಎನ್ನಬಹುದು, ಏಕೆ ಮುಚ್ಚಿತು ಎಂದು ಬೆನ್ನು ಹತ್ತುವಂತಿಲ್ಲ. ತರಗತಿಯಲ್ಲಿ ನಾನು ನಿಮಗೆ ಸದಾ ಹೇಳುತ್ತಿದ್ದೆ: ಇಸವಿ ಮರೆತರೂ ಚಿಂತೆಯಿಲ್ಲ, ಕಾರಣ ಮರೆಯಬೇಡಿ ಎಂದು. ಈ ನೀತಿ ಸರಿಯಾಗಿ ಅದರ ತಿರುವುಮುರುವು.

ವಿಧಿಯ ವಿನೋದ ನೋಡಿ. ಮರುವರ್ಷವೇ, 2012ರಲ್ಲಿ, ಗೂಗಲ್ ನಕ್ಷೆಯಲ್ಲಿ ಬೆಂಗಳೂರಿನ ರಸ್ತೆಗಳ ದಟ್ಟಣೆ ಕೆಂಪು, ಹಸಿರು ಗೆರೆಗಳಾಗಿ ಕಾಣತೊಡಗಿತು. ಮೊಬೈಲು ಕ್ರಮೇಣ ಎಲ್ಲರ ಕೈಗೆ ಬಂದಿತು. ಬಾನುಲಿಯ ಉದ್ಘೋಷಕಿ ಹೇಳುವ ಮೊದಲೇ ದಾರಿ ತಿಳಿಯುವಂತಾಯಿತು. ಹೀಗೆ ಅನುಮತಿಯಿದ್ದ ಕೆಲಸವನ್ನು ಮೊಬೈಲು ಕಸಿದುಕೊಂಡಿತು. ಮೊಬೈಲು ಮಾಡಲಾರದ, ಬಡಾವಣೆಯ ಸಂಗತಿಯನ್ನು ವಿಚಾರಿಸಿ, ಪರಿಶೀಲಿಸಿ, ನಂಬಿಕೆಯ ಒಂದು ದನಿಯಲ್ಲಿ ಹೇಳುವ ಕೆಲಸಕ್ಕೆ ಬಾನುಲಿಗೆ ಅನುಮತಿಯಿರಲಿಲ್ಲ. ಆ ಖಾಲಿ ಜಾಗವನ್ನು ವಾಟ್ಸಾಪ್ ವದಂತಿಗಳು ತುಂಬಿದವು.

ಬಳಿಕವೂ ಹೆಜ್ಜೆಗಳು ನಿಧಾನ. 2013ರಲ್ಲಿ ಕಾಮನ್ ಕಾಸ್ ಎಂಬ ಸಂಸ್ಥೆ ಈ ನಿಷೇಧವನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿತು. 2019ರ ಜನವರಿಯಲ್ಲಿ ಖಾಸಗಿ ಕೇಂದ್ರಗಳು ಆಕಾಶವಾಣಿಯ ಹಿಂದಿ, ಇಂಗ್ಲಿಷ್ ವಾರ್ತೆಗಳನ್ನು ಉಚಿತವಾಗಿ ಬಳಸುವ ವ್ಯವಸ್ಥೆಯಾಯಿತು. ನಮ್ಮ ಕನ್ನಡದ ಕೇಳುಗನಿಗೆ ಅದರಿಂದೇನು ಬಂತು? 2023ರ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಗಂಟೆಗೆ ಹತ್ತು ನಿಮಿಷ ಮೀರದಂತೆ ಖಾಸಗಿ ಎಫ್‌.ಎಂ.ಗೆ ಸುದ್ದಿ ಪ್ರಸಾರಕ್ಕೆ ಅವಕಾಶ ಕೊಡಬೇಕೆಂದು ಶಿಫಾರಸು ಮಾಡಿತು.

ಸುದ್ದಿ ಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ದೂರದರ್ಶನದ ಚರ್ಚೆಗಳಲ್ಲಿನ ಕೂಗಾಟ ಕಂಡವರಿಗೆ ಆ ಭ್ರಮೆ ಇರಲಾರದು. ಆದರೆ ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ನೆನೆಯಿರಿ. ಗಾಳಿಯಲ್ಲಿ ಪ್ರಸಾರ ಮಾಡಲು ಅನುಮತಿ ಇಲ್ಲದಿದ್ದ ಕಾಲದಲ್ಲಿ ಅಲ್ಲಿನ 'ನಮ್ಮ ಧ್ವನಿ'ಯವರು ಕೇಬಲ್ ತಂತಿಯ ಮೂಲಕ ತಮ್ಮ ಊರಿನ ಮಾತನ್ನು ಊರಿಗೆ ಕೇಳಿಸಿದರು. ಊರಿನ ಸಮಾಚಾರವನ್ನು ಊರವರೇ ಹೇಳಿಕೊಂಡರೆ ದೇಶಕ್ಕೆ ಅಪಾಯವೇನೂ ಆಗಲಿಲ್ಲ.

ನಿಮ್ಮಲ್ಲಿ ಕೆಲವರು ಬಾನುಲಿ ಕೇಂದ್ರಗಳಲ್ಲಿ ದುಡಿದಿದ್ದೀರಿ. ಇನ್ನು ಕೆಲವರು ಸುದ್ದಿಗೆ ಇಂಥ ತಡೆಯಿಲ್ಲದ ದೇಶಗಳಲ್ಲಿ ನೆಲೆಸಿ, ಕಾರಿನಲ್ಲಿ ನಿಮ್ಮ ಊರಿನ ಸುದ್ದಿ ಕೇಳುತ್ತಾ ಕಚೇರಿಗೆ ಹೋಗುತ್ತೀರಿ. ಅಲ್ಲಿಯ ಅನುಭವ ಹೇಗಿದೆ, ದಯವಿಟ್ಟು ಬರೆದು ತಿಳಿಸಿ.