ಕೈಮರ ಬಿದ್ರೆ ರೈಲು ಬಂತು ಅಂತ

ಮೊನ್ನೆ ಹೊಳಲ್ಕೆರೆ ಕಡೆ ತವರಿಗೆ ಹೋಗುವಾಗ ಚಿಕ್ಕಜಾಜೂರು ಹತ್ರ ಗೇಟ್ ಹಾಕಿದ್ರು. "ರೈಲೇ ಕಾಣ್ತಿಲ್ಲ, ಈಗ್ಲೇ ಯಾಕಜ್ಜಿ ಮುಚ್ಚವ್ರೆ?" ಅಂದ ಮೊಮ್ಮಗ. ಚಿಕ್ಕೋಳಿದ್ದಾಗ ನಾನೂ ಇದನ್ನೇ ನಮ್ಮಜ್ಜಿನ ಕೇಳಿದ್ದೆ. "ರೈಲೇನು ಎತ್ತಾ, ಹೋ ಅಂದ್ರೆ ನಿಲ್ಲಾಕೆ?" ಅಂದಿದ್ಲು.

ಅಜ್ಜಿ ಹೇಳಿದ್ದೇ ಸರಿ ಕಣ್ರವ್ವ. ಓಡೋ ರೈಲು ಬ್ರೇಕ್ ಹಾಕಿದ ಮೇಲೂ ಒಂದು ಕಿಲೋಮೀಟರಿನಷ್ಟು ಜಾರ್ಕಂಡು ಹೋಗಿ ನಿಲ್ಲುತ್ತೆ. ಅದಕ್ಕೇ ಸ್ಟೇಷನ್ನಿಂದ ಗೇಟಿನವನಿಗೆ ಮೊದಲೇ ಫೋನ್ ಬರ್ತದೆ. ಅವನು ಗೇಟ್ ಹಾಕಿ, ಬೀಗ ಜಡಿದು, ಒಂದು ಗುಟ್ಟಿನ ನಂಬರ್ ಹೇಳ್ತಾನೆ. ಸಿಗ್ನಲ್ಲಿಗೂ ಗೇಟಿಗೂ ಕೊಂಡಿ ಇರೋ ಕಡೆ, ಗೇಟ್ ಬೀಳದೆ ಹಸಿರು ದೀಪ ಬರೋದೇ ಇಲ್ಲ. ನಾವು ಸ್ಕೂಟರ್ ಮೇಲೆ ಕೂತು ಗೇಟಿನವನಿಗೆ ಶಾಪ ಹಾಕ್ತೀವಿ, ಆದ್ರೆ ತೆಗಿಯೋದು ಅವನ ಕೈಯಾಗಿಲ್ಲ.

ಆಗ ದೀಪ ಎಲ್ಲಿತ್ತು, ಕೈಮರ ಇತ್ತು. ಎಂಥಾ ಚೆಂದದ ಮಾತು ನೋಡಿ ಕೈಮರ ಅನ್ನೋದು! ಕಂಬಕ್ಕೆ ಒಂದು ಕೈ. ಅಡ್ಡ ಚಾಚಿದ್ರೆ ನಿಲ್ಲು, ಇಳಿಬಿಟ್ರೆ ಹೋಗು. ಮುಂದೇನೈತೆ ಅಂತ ದೂರದಿಂದ್ಲೇ ಎಚ್ಚರಿಸೋ ಕೈಗೆ ಮೀನಿನ ಬಾಲದಂಗೆ ಕವಲು. ರಾತ್ರಿಗೆ ಸೀಮೆಎಣ್ಣೆ ದೀಪ, ಅದರ ಮುಂದೆ ಕೆಂಪು ಹಸಿರು ಗಾಜು. ನಾವು ಹುಡುಗೀರು ಹೊಲದ ಬದುವಿನ ಮೇಲೆ ಕೂತು "ಕೈ ಬಿತ್ತು, ಕೈ ಬಿತ್ತು" ಅಂತ ಕೂಗೋವು. ಡ್ರೈವರು ಓಡೋ ಗಾಡಿಯಿಂದ್ಲೇ ಬೆತ್ತದ ಬಳೆ ಈಸ್ಕೊಳ್ಳೋದು ನೋಡೋಕೇ ಒಂದು ದಿನದ ಕೂಲಿ ಬಿಡಬಹುದಿತ್ತು. ಆ ಬಳೆಯ ಚೀಲದಾಗೆ ಒಂದು ಕಬ್ಬಿಣದ ಗುಂಡು. ಗುಂಡು ಯಾರ ಕೈಲೈತೋ ಆ ಗಾಡಿಗಷ್ಟೇ ಮುಂದಿನ ಸ್ಟೇಷನ್‌ವರೆಗೆ ದಾರಿ. ಒಂಟಿ ಹಳಿ ಮೇಲೆ ಎದುರಾಬದರಾ ಬರದಂಗೆ ಈ ಉಪಾಯ.

ಈ ಹಳಿ ನಮ್ಮ ಸೀಮೆಗೆ ಬಂದಿದ್ದು ಬರದ ದೆಸೆಯಿಂದ. 1876-78ರ ಧಾತು ಬರದಲ್ಲಿ ಮೈಸೂರು ಸೀಮೆಯ ಲಕ್ಷಾಂತರ ಜನ ಹೋದರು. ಕಾಳು ಇದ್ದ ಕಡೆಯಿಂದ ಇಲ್ಲದ ಕಡೆಗೆ ಸಾಗಿಸೋಕೆ ಎತ್ತಿನ ಗಾಡಿ ಬಿಟ್ರೆ ಗತಿ ಇಲ್ಲ, ಎತ್ತಿಗೂ ಮೇವಿಲ್ಲ. ಆ ಪಾಠ ಕಲಿತ ದಿವಾನ್ ರಂಗಾಚಾರ್ಲು, ಅವರ ನಂತರ ಬಂದ ಶೇಷಾದ್ರಿ ಅಯ್ಯರ್ ಕಾಲದಲ್ಲಿ ರೈಲು ಬೆಂಗಳೂರಿಂದ ತುಮಕೂರು, ಗುಬ್ಬಿ ದಾಟಿ 1889ರಲ್ಲಿ ಹರಿಹರ ಮುಟ್ಟಿತು. ಮೀಟರ್ ಗೇಜು, ಸದರ್ನ್ ಮರಾಠಾ ಕಂಪನಿ ಓಡಿಸ್ತಿತ್ತು. ಹೊಸದುರ್ಗ ರೋಡು, ಚಿಕ್ಕಜಾಜೂರು ಎಲ್ಲಾ ಆ ದಾರಿಯವೇ. ಹೊಸದುರ್ಗಕ್ಕೆ ಸಿಕ್ಕಿದ್ದು "ರೋಡು" ಮಾತ್ರ, ಸ್ಟೇಷನ್ನಿಗೂ ಊರಿಗೂ ದೂರ. ಚಿಕ್ಕಜಾಜೂರಿಂದ ಚಿತ್ರದುರ್ಗಕ್ಕೆ ಕವಲು ಹಳಿ ಬಂದಿದ್ದು 1920ರ ದಶಕದ ಆರಂಭದಲ್ಲಿ. 1990ರ ದಶಕದಲ್ಲಿ ಎಲ್ಲಾ ಬ್ರಾಡ್ ಗೇಜ್ ಆಯ್ತು.

ಹಿರಿಯೂರಿಗೆ ಮಾತ್ರ ಇನ್ನೂ ರೈಲಿಲ್ಲ. ಹಿರಿಯೂರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ರಾತ್ರಿ ರೈಲಿನ ಕೂಗಿಲ್ಲದೆ ನಂಗೆ ನಿದ್ದೆ ಬರ್ತಿರಲಿಲ್ಲ ಅಂದ್ರೆ ನಮ್ಮತ್ತೆ ನಗೋರು. ತುಮಕೂರಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೊಸ ಹಳಿ ಹಾಕ್ತಾವ್ರೆ. ಅತ್ತೆ ಅದನ್ನ ನೋಡದೇ ಹೋದ್ರು.

ರೈಲು ನೋಡೋದು ಖುಷಿ ಅಂತ ಬರೀತಾ ಬಂದೆ, ಇದನ್ನೂ ಬರೀಬೇಕು. ನಮ್ಮ ಹೊಲದ ಹತ್ರ ಇದ್ದದ್ದು ಕಾವಲಿಲ್ಲದ ಗೇಟು. ಗೇಟಂತ ಹೆಸರು, ಅಡ್ಡ ಕೋಲೂ ಇಲ್ಲ. ಸೀಟಿ ಹೊಡಿ ಅಂತ ಡ್ರೈವರಿಗೆ ಒಂದು ಹಳದಿ ಫಲಕ, ಅಷ್ಟೇ. ಒಂದು ಸಲ ಸುಗ್ಗೀಲಿ ರಾಗಿ ಹೇರ್ಕೊಂಡು ಬತ್ತಿದ್ದ ನಮ್ಮ ಚಿಕ್ಕಪ್ಪನಿಗೆ ಗಾಳಿಗೆ ಸೀಟಿ ಕೇಳಲಿಲ್ಲ. ಅವನು ಹಾರಿಕೊಂಡ. ಎರಡು ಎತ್ತೂ ಹೋದ್ವು. ಆಮೇಲೆ ಚಿಕ್ಕಮ್ಮ ಗಾಡಿ ಬರೋ ದಿನವೆಲ್ಲಾ ಮುಂಚೆಯೇ ಹೋಗಿ ಹಳಿ ಪಕ್ಕ ನಿಂತು ಎರಡೂ ಕಡೆ ನೋಡಿ ಸೆರಗು ಬೀಸೋಳು. ಸಂಬಳವಿಲ್ಲದ ಗೇಟಿನೋಳು. ಹತ್ತು ವರ್ಷ ಹಂಗೇ ನಿಂತ್ಲು.

2019ರ ಹೊತ್ತಿಗೆ ಬ್ರಾಡ್ ಗೇಜ್ ಹಳಿ ಮೇಲಿನ ಕಾವಲಿಲ್ಲದ ಗೇಟುಗಳನ್ನೆಲ್ಲಾ ದೇಶದಲ್ಲೇ ತೆಗೆದರು. ನಮ್ಮ ಗೇಟಿನ ಜಾಗದಾಗೆ ಈಗ ಹಳಿ ಕೆಳಗೆ ದಾರಿ. ಮಳೆ ಬಂದ್ರೆ ಮೊಣಕಾಲುದ್ದ ನೀರು ನಿಲ್ಲುತ್ತೆ, ಹುಲ್ಲಿನ ಹೊರೆ ಹೊತ್ತೋರು ಸೀರೆ ಎತ್ತಿ ಕಟ್ಟಿ ದಾಟಬೇಕು. ಬೈಕೊಳ್ತೀವಿ. ಆದ್ರೂ ಹಳಿ ಮೇಲಿನ ದಾರೀನೇ ಬೇಕು ಅಂತ ಚಿಕ್ಕಮ್ಮನ ಬಾಯಲ್ಲಿ ಒಂದು ದಿನ ಬಂದಿಲ್ಲ.

ಮೊನ್ನೆ ಅವಳನ್ನೂ ಕರ್ಕೊಂಡು ಹೋಗಿದ್ದೆ. ಗೇಟಿನಲ್ಲಿ ಕಾಯೋ ಹೊತ್ತಿಗೆ ಬೆಂಗಳೂರು-ಧಾರವಾಡ ವಂದೇ ಭಾರತ್ ಬಂತು. ಹೊಗೆ ಇಲ್ಲ, ಗಡಗಡ ಇಲ್ಲ, ಸರ್ರಂತ ಹೋಯ್ತು. ಮೊಮ್ಮಗ ಡಬ್ಬಿ ಎಣಿಸೋಕೆ ಹೋಗಿ ತಪ್ಪಿದ. ಗೇಟ್ ಎದ್ದಿತು, ಹಿಂದಿನೋರು ಹಾರನ್ ಹೊಡೆದರು. ಚಿಕ್ಕಮ್ಮ ಮಾತ್ರ "ತಡಿ" ಅಂದು ಕಿಟಕಿಯಿಂದ ತಲೆ ಹಾಕಿ ಆ ಕಡೆ, ಈ ಕಡೆ ನೋಡಿ, "ಹೂಂ, ಈಗ ಹೋಗಾನ" ಅಂದ್ಲು.